ಮೂಗು ಅಳೆದಾಯಿತು, ಇನ್ನು ಮನೆ ಎಣಿಸಿ

2023ರ ಆಗಸ್ಟ್ 22ರಂದು ಸಿ. ಆರ್. ರಾವ್ ಅಮೆರಿಕದಲ್ಲಿ ತೀರಿಕೊಂಡರು. ನೂರಾ ಮೂರು ತುಂಬಲು ಹತ್ತೊಂಬತ್ತು ದಿನ ಬಾಕಿ ಇತ್ತು. ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಸತ್ತವರನ್ನು ಹೊಗಳುವುದರಲ್ಲಿ ಈ ನಾಡು ಯಾವತ್ತೂ ಹಿಂದೆ ಬಿದ್ದದ್ದಿಲ್ಲ. ಕರ್ನಾಟಕದ ಹೆಮ್ಮೆ ಎಂದರು, ಹುಟ್ಟು ಮೇಧಾವಿ ಎಂದರು, ಫೋಟೋಕ್ಕೆ ಕೈಮುಗಿದರು, ಎದ್ದು ಹೋದರು. ಆ ಮನುಷ್ಯ ಮಾಡಿದ ಗಣಿತ ಏನು, ಯಾರ ಮೈ ಅಳೆದು ಆ ಗಣಿತ ಬೆಳೆಯಿತು, ಇವತ್ತು ಅದು ಯಾರ ಕೈಗೆ ಬರಬೇಕು ಅಂತ ಕೇಳಿದವರು ಕಡಿಮೆ.

ನಾವು ಕೇಳ್ತೀವಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಸರ್ಕಾರದ ಕಡತದಲ್ಲಿ ಒಂದು ಶೈಕ್ಷಣಿಕ ಜಿಲ್ಲೆ. ಈ ನಾಲ್ಕು ತಾಲ್ಲೂಕಿನ ಹಟ್ಟಿಗಳಿಂದ ಸ್ಕೂಲಿಗೆ ಹೋದ ನಮಗೆ ಗಣಿತ ಅಂದರೆ ಒಂದು ಬಾಗಿಲು. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಆ ಬಾಗಿಲು ಮುಖಕ್ಕೆ ಬಡಿಯುವುದು ಬಹಳ ಮಂದಿಗೆ. 'ನಿಮ್ಮ ತಲೆಗೆ ಇದು ಹತ್ತಲ್ಲ ಕಣ್ರೋ, ಬಿಡ್ರಿ' ಅನ್ನುವ ಮಾತು ಕೇಳದ ಹಟ್ಟಿ ಹುಡುಗ ಈ ಸೀಮೆಯಲ್ಲಿ ಇದ್ದರೆ ಅವನ ಮುಖ ನೋಡಬೇಕು. ಹುಟ್ಟು ಮೇಧಾವಿ ಅನ್ನುವ ಹೊಗಳಿಕೆಯೂ ತಲೆಗೆ ಹತ್ತಲ್ಲ ಅನ್ನುವ ಬೈಗುಳವೂ ಒಂದೇ ನಾಣ್ಯದ ಎರಡು ಮುಖ. ಹುಟ್ಟಿನಲ್ಲಿ ಬುದ್ಧಿ ಬರುತ್ತದೆ ಅಂತ ಒಪ್ಪಿಕೊಂಡ ಮೇಲೆ ಹುಟ್ಟಿನಲ್ಲಿ ಮೈಲಿಗೆ ಬರುತ್ತದೆ ಅಂತ ಒಪ್ಪಲು ಎಷ್ಟು ಹೊತ್ತು ಬೇಕು?

ಆದ್ದರಿಂದ ರಾವ್ ಅವರ ಬದುಕನ್ನು ಹೊಗಳುಭಟರ ಕೈಯಿಂದ ಕಿತ್ತುಕೊಂಡು ನೋಡೋಣ.

1920ರ ಸೆಪ್ಟೆಂಬರ್ 10ರಂದು ಹುಟ್ಟಿದಾಗ ಹಡಗಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ತಂದೆ ಪೊಲೀಸ್ ಇನ್‌ಸ್ಪೆಕ್ಟರ್. ಮನೆ ಮಾತು ತೆಲುಗು. ಹತ್ತು ಮಕ್ಕಳಲ್ಲಿ ಎಂಟನೆಯವರು, ಎಂಟನೆಯವನು ಕೃಷ್ಣ ಅಂತ ರಾಧಾಕೃಷ್ಣ ಎಂದು ಹೆಸರಿಟ್ಟರು. ತಂದೆಗೆ ವರ್ಗವಾದಂತೆ ಮನೆಯೂ ಹೊರಟಿತು, ಓದಿದ್ದೆಲ್ಲ ಆಂಧ್ರದ ಊರುಗಳಲ್ಲಿ. ಇಂಥವರನ್ನು 'ಕನ್ನಡದ ಕೂಸು' ಮಾಡಲು ಒದ್ದಾಡುವವರು ನಮ್ಮ ಪಾವಗಡಕ್ಕೆ ಬಂದು ಹೋಗಲಿ. ಮೂರು ಕಡೆ ಆಂಧ್ರ, ಮನೆಯೊಳಗೆ ತೆಲುಗು, ಸ್ಕೂಲಲ್ಲಿ ಕನ್ನಡ. ನಮಗೆ ಇದು ವಿಚಿತ್ರವೂ ಅಲ್ಲ, ಹೆಮ್ಮೆಯೂ ಅಲ್ಲ. ಬದುಕು ಹಂಗೇ ಇದೆ.

ಬೆಳಗಿನ ಜಾವ ನಾಲ್ಕಕ್ಕೆ ತಾಯಿ ಎಬ್ಬಿಸಿ ಎಣ್ಣೆದೀಪ ಹಚ್ಚಿ ಓದಲು ಕೂರಿಸುತ್ತಿದ್ದರು ಎಂದು ರಾವ್ ಕೃತಜ್ಞತೆಯಿಂದ ನೆನೆದಿದ್ದಾರೆ. ದೊಡ್ಡ ಮಾತು. ನಮ್ಮ ತಾಯಂದಿರೂ ನಾಲ್ಕಕ್ಕೇ ಏಳುತ್ತಾರೆ ಸ್ವಾಮಿ. ಗೌಡರ ಕೊಟ್ಟಿಗೆಯ ಸಗಣಿ ಬಾಚೋದಕ್ಕೆ, ಕಡಲೆಕಾಯಿ ಕೀಳೋದಕ್ಕೆ, ಬೆಂಗಳೂರಿನ ಗಾರೆ ಕೆಲಸದ ಬಸ್ಸು ಹಿಡಿಯೋದಕ್ಕೆ. ತಾಯಿಯ ಪ್ರೀತಿಯಲ್ಲಿ ಹೆಚ್ಚುಕಡಿಮೆ ಇಲ್ಲ. ದೀಪದ ಎಣ್ಣೆ, ತಿಂಗಳ ಸಂಬಳ, ಓದಿದ ಅಪ್ಪ, ಇವುಗಳಲ್ಲಿ ಇದೆ. ಮೇಧಾವಿಯ ಕತೆ ಹೇಳುವವರು ಎಣ್ಣೆಯ ಲೆಕ್ಕ ಬಿಟ್ಟುಬಿಡುತ್ತಾರೆ.

1940ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಗಣಿತ ಎಂ.ಎ.ಯಲ್ಲಿ ಮೊದಲನೆಯವರಾಗಿ ಬಂದರೂ ಸಂಶೋಧನೆಯ ವಿದ್ಯಾರ್ಥಿವೇತನ ಸಿಗಲಿಲ್ಲ, ಅರ್ಜಿ ತಡವಾಯಿತು ಅಂತ. ಸ್ಕಾಲರ್‌ಶಿಪ್ ಆಫೀಸಿನ ಕಿಟಕಿ ಮುಂದೆ ಚಪ್ಪಲಿ ಸವೆಸಿದ ನಮ್ಮವರಿಗೆ ಈ ಸಾಲು ಬಿಡಿಸಿ ಹೇಳಬೇಕಿಲ್ಲ. ಮಿಲಿಟರಿಯ ಸರ್ವೇ ವಿಭಾಗದ ನೌಕರಿ ಹುಡುಕಿಕೊಂಡು ಕಲ್ಕತ್ತೆಗೆ ಹೋದರು, ಅದೂ ಸಿಗಲಿಲ್ಲ. ಅಲ್ಲಿ ಪರಿಚಯವಾದ ಒಬ್ಬ ಯುವಕ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಪಡೆಯುತ್ತಿದ್ದ. ಅವನ ಜೊತೆ ಹೋಗಿ ನೋಡಿ, 1941ರ ಜನವರಿ 1ರಂದು ಅಲ್ಲೇ ಸೇರಿಕೊಂಡರು. ಮುಂದಿನ ನಾಲ್ಕು ದಶಕ ಆ ಸಂಸ್ಥೆಯೇ ಅವರ ಮನೆ. ಕಲ್ಕತ್ತೆಯ ಒಂದು ಆಕಸ್ಮಿಕ ಭೇಟಿ ಇಲ್ಲದಿದ್ದರೆ ಈ 'ಹುಟ್ಟು ಮೇಧಾವಿ' ಯಾವ ಕಚೇರಿಯ ಗುಮಾಸ್ತರಾಗಿರುತ್ತಿದ್ದರೋ. ಇದು ಅವರಿಗೆ ಅವಮಾನದ ಮಾತಲ್ಲ. ಗುಮಾಸ್ತರಾಗಿ, ಕೂಲಿಯಾಗಿ, ಗಾರೆಯವರಾಗಿ ಮುಗಿದುಹೋದ ತಲೆಗಳು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಅನ್ನುವ ಪ್ರಶ್ನೆ.

ಈಗ ಮೂಗಿನ ವಿಚಾರಕ್ಕೆ ಬರೋಣ.

ಸಂಖ್ಯಾಶಾಸ್ತ್ರ ನಮ್ಮ ದೇಶಕ್ಕೆ ಬಂದದ್ದು ಬರೀ ಕೈಯಲ್ಲಿ ಅಲ್ಲ, ಅಳತೆಪಟ್ಟಿ ಹಿಡಿದುಕೊಂಡು ಬಂತು. ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ 1891ರಲ್ಲಿ ಬಂಗಾಳದ ಜಾತಿ ಬುಡಕಟ್ಟುಗಳ ಬಗ್ಗೆ ಸಂಪುಟಗಳನ್ನು ತಂದ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬುದು ಅವನ ಶೋಧ. ಅವನೇ 1901ರ ಜನಗಣತಿಯ ಕಮಿಷನರ್. ಮನುವಿಗೆ ಹೊಳೆಯದ ಪುರಾವೆಯನ್ನು ಸಾಹೇಬ ಕಂಡುಹಿಡಿದುಕೊಟ್ಟ! ಇಂಗ್ಲೆಂಡಿನಲ್ಲಿ ಈ ಶಾಸ್ತ್ರ ಕಟ್ಟಿದ ಗಾಲ್ಟನ್, ಪಿಯರ್ಸನ್, ಫಿಷರ್ ಮೂವರೂ ಮನುಷ್ಯರ ತಳಿ ಸುಧಾರಣೆ ಬೇಕೆಂದು ವಾದಿಸಿದವರೇ. ಆ ಫಿಷರ್ ಕೈಕೆಳಗೇ ರಾವ್ 1948ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿದ್ದು. ಕಲ್ಕತ್ತೆಯ ಗುರು ಮಹಲನೋಬಿಸ್ ತಮ್ಮ ಹೆಸರಿನ 'ದೂರ'ದ ಸೂತ್ರವನ್ನು ಕಂಡುಕೊಂಡದ್ದೂ ಮನುಷ್ಯರ ಗುಂಪುಗಳ ಮೈ ಅಳತೆಗಳನ್ನು ಹೋಲಿಸುತ್ತಾ.

1941ರಲ್ಲಿ ಸಂಯುಕ್ತ ಪ್ರಾಂತದಲ್ಲಿ, ಅಂದರೆ ಇವತ್ತಿನ ಉತ್ತರ ಪ್ರದೇಶದ ಸೀಮೆಯಲ್ಲಿ, ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್ ಜಾತಿ ಜಾತಿಯ ಜನರನ್ನು ನಿಲ್ಲಿಸಿ ಅಳೆದರು. ನಿಂತ ಎತ್ತರ, ಕೂತ ಎತ್ತರ, ತಲೆಯ ಉದ್ದ, ತಲೆಯ ಅಗಲ, ಮೂಗಿನ ಎತ್ತರ, ಮೂಗಿನ ಆಳ. ಆ ಅಂಕಿಗಳ ರಾಶಿ ಕಲ್ಕತ್ತೆಗೆ ಬಂತು. ಮಹಲನೋಬಿಸ್, ಮಜುಂದಾರ್, ರಾವ್ ಮೂವರೂ ಸೇರಿ 1949ರಲ್ಲಿ ಅದರ ದೊಡ್ಡ ವರದಿ ಪ್ರಕಟಿಸಿದರು. ಅದಕ್ಕೆ ಮುಂಚೆ 1948ರಲ್ಲಿ ರಾವ್ ಬರೆದ ಹೆಸರಾಂತ ಪ್ರಬಂಧದಲ್ಲಿ ಮೂರು ಗುಂಪುಗಳ ಉದಾಹರಣೆ ಇದೆ: ಬ್ರಾಹ್ಮಣರು, ಕುಶಲಕರ್ಮಿ ಜಾತಿಯವರು, ಕೊರ್ವಾ ಬುಡಕಟ್ಟಿನವರು. ಒಬ್ಬನ ನಾಲ್ಕು ಅಳತೆ ಕೊಟ್ಟರೆ ಅವನು ಈ ಮೂವರಲ್ಲಿ ಯಾರು ಅಂತ ಹೇಳುವುದು ಹೇಗೆ? ಇದು ಪ್ರಶ್ನೆ. ಇವತ್ತು ಲೋಕದಲ್ಲೆಲ್ಲ ಯಂತ್ರಗಳಿಗೆ ವಿಂಗಡಣೆ ಕಲಿಸುವವರು ನಡೆಯುವ ದಾರಿಯಲ್ಲಿ ಈ ಪ್ರಬಂಧ ಒಂದು ಮೈಲಿಗಲ್ಲು.

ಓದಿದಾಗ ನಮ್ಮ ಮೈ ಉರಿಯಿತು. ಉರಿ ಇಳಿದ ಮೇಲೆ ಲೆಕ್ಕ ನೋಡಿದೆವು. ಆ ಲೆಕ್ಕ ರಿಸ್ಲಿಯ ಲೆಕ್ಕವಲ್ಲ. ರಿಸ್ಲಿ ಮೂಗು ನೋಡಿ ಮೇಲುಕೀಳು ಹೇಳಿದ. ಮಹಲನೋಬಿಸ್ ಸೂತ್ರ ಎರಡು ಗುಂಪುಗಳ ನಡುವೆ ದೂರ ಎಷ್ಟು ಅಂತ ಹೇಳುತ್ತದೆ, ಯಾರು ಮೇಲೆ ಅಂತ ಹೇಳಲು ಅದಕ್ಕೆ ಬಾಯಿಲ್ಲ. ರಾವ್ ಒಂದು ಹೆಜ್ಜೆ ಮುಂದೆ ಹೋಗಿ, ಹೀಗೆ ವಿಂಗಡಿಸಿದರೆ ಎಷ್ಟು ಸಲ ತಪ್ಪುತ್ತದೆ ಎಂಬುದನ್ನೇ ಲೆಕ್ಕಕ್ಕೆ ತಂದರು. ತಪ್ಪನ್ನು ಕಡಿಮೆ ಮಾಡಬಹುದು, ಸೊನ್ನೆ ಮಾಡಲಾಗದು. ಬ್ರಾಹ್ಮಣನ ಅಳತೆ ಬಡಗಿಯ ಗುಂಪಿಗೆ ಬೀಳುತ್ತದೆ, ಬಡಗಿಯದು ಬ್ರಾಹ್ಮಣನ ಗುಂಪಿಗೆ. ಜಾತಿ ಮೂಳೆಯ ಮೇಲೆ ಬರೆದಿದ್ದರೆ ಈ ತಪ್ಪು ಎಲ್ಲಿಂದ ಬಂತು? ಅದೇ 1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಕೈಗೆತ್ತಿಕೊಂಡು, ಈ ಶಾಸ್ತ್ರವನ್ನು ನಂಬುವುದಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದು ತೋರಿಸಿದರು. ಶತ್ರುವಿನ ಅಳತೆಕೋಲಿನಿಂದಲೇ ಶತ್ರುವಿನ ಗೋಡೆ ಅಳೆದು ಕೆಡವುವುದು ಹೀಗೆ. ನಮ್ಮಲ್ಲೇ ಕೆಲವರು 'ಅಂಕಿ ಅಂಶವೆಲ್ಲ ಸರ್ಕಾರದ ಆಟ' ಅಂತ ಮೂಗು ಮುರಿಯುತ್ತಾರಲ್ಲ, ಅವರು ಬಾಬಾಸಾಹೇಬರನ್ನು ಇನ್ನೊಮ್ಮೆ ಓದಲಿ.

ಸಂಯುಕ್ತ ಪ್ರಾಂತದ ಇನ್ನೊಂದು ಕತೆ ಇದೆ. 1932ರಲ್ಲಿ ಯಾರಿಗೆ ಓಟು ಎಂದು ನಿರ್ಧರಿಸಲು ಲೋಥಿಯನ್ ಸಮಿತಿ ಬಂದಾಗ ಅಸ್ಪೃಶ್ಯರ ಸಂಖ್ಯೆ ಎಷ್ಟು ಅನ್ನುವುದೇ ಜಗಳವಾಯಿತು. ಆ ಪ್ರಾಂತದಲ್ಲಿ ಕೋಟಿ ಮೀರಿದ್ದ ಲೆಕ್ಕವನ್ನು ಪ್ರಾಂತೀಯ ಸಮಿತಿ ಕೆಲವೇ ಲಕ್ಷಕ್ಕೆ ಇಳಿಸಿತು. ದೇವಸ್ಥಾನದ ಬಾಗಿಲಲ್ಲಿ, ಬಾವಿಯ ಕಟ್ಟೆಯ ಮೇಲೆ ಕಣ್ಣಿಗೆ ಬೀಳುತ್ತಿದ್ದ ಅಸ್ಪೃಶ್ಯ, ಪಾಲು ಕೊಡಬೇಕು ಅಂದ ಕೂಡಲೇ ಮಾಯ! ಒಂಬತ್ತು ವರ್ಷ ಬಿಟ್ಟು ಅದೇ ಪ್ರಾಂತದಲ್ಲಿ ಮೂಗು ಅಳೆಯಲು ಮಾತ್ರ ಎಲ್ಲರೂ ಸಿಕ್ಕಿದರು. ಅದೇ 1941ರ ಜನಗಣತಿಯ ಜಾತಿವಾರು ಕೋಷ್ಟಕಗಳು ಯುದ್ಧದ ಕಾಲ ಅಂತ ಹೊರಗೇ ಬರಲಿಲ್ಲ. ಎಲ್ಲ ಜಾತಿಗಳ ಪೂರ್ತಿ ಲೆಕ್ಕ ಈ ದೇಶ ಕೊನೆಗೆ ಕಂಡದ್ದು 1931ರಲ್ಲಿ. ಆಮೇಲೆ 1951ರಿಂದ ಪರಿಶಿಷ್ಟರನ್ನು ಮಾತ್ರ ಎಣಿಸಿದರು. ಅಂದರೆ ಹಟ್ಟಿಯಲ್ಲಿ ಎಷ್ಟು ಜನ ಎಂದು ಗೊತ್ತು, ಅಗ್ರಹಾರದಲ್ಲಿ, ಗೌಡರ ಬೀದಿಯಲ್ಲಿ ಎಷ್ಟು ಜನ, ಅವರ ಕೈಯಲ್ಲಿ ಎಷ್ಟು ಜಮೀನು, ಎಷ್ಟು ನೌಕರಿ ಅನ್ನುವುದು ಗೊತ್ತಿಲ್ಲ. ನಮ್ಮ ಬಡತನ ಬಹಿರಂಗ, ಅವರ ಪಾಲು ಗುಟ್ಟು.

ರಾವ್ ಅವರ ಹೆಸರು ಉಳಿದಿರುವುದು 1945ರ ಒಂದು ಪ್ರಬಂಧದಿಂದ. ಆಗ ಅವರಿಗೆ ಇಪ್ಪತ್ತೈದು ಕೂಡ ಇಲ್ಲ ಅನ್ನಬೇಕು, ನಮ್ಮ ವಯಸ್ಸು. ಹಿಂದಿನ ವರ್ಷ ಪಾಠ ಮಾಡುತ್ತಿದ್ದಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು, ಫಿಷರ್ ದೊಡ್ಡ ಮಾದರಿಗೆ ಹೇಳಿದ್ದು ಚಿಕ್ಕ ಮಾದರಿಗೂ ಸಲ್ಲುತ್ತದೆಯೇ ಅಂತ ಕೇಳಿದ. ಮೇಷ್ಟ್ರ ಬಳಿ ಉತ್ತರ ಇರಲಿಲ್ಲ. ರಾತ್ರಿ ಕೂತು ಬಿಡಿಸಿ ಮಾರನೆಯ ದಿನ ತಂದರು. ಮೇಷ್ಟ್ರುಗಳೇ, ಇದನ್ನು ಗಮನಿಸಿ: ಹುಡುಗ ಪ್ರಶ್ನೆ ಕೇಳಿದಾಗ 'ಕೂತ್ಕೊಳೋ' ಅಂದಿದ್ದರೆ ಆ ಪ್ರಮೇಯ ಅವತ್ತು ಹುಟ್ಟುತ್ತಿರಲಿಲ್ಲ. ಆ ದಾಂಡೇಕರ್ ಮುಂದೆ ನೀಲಕಂಠ ರಥ್ ಜೊತೆ 1971ರಲ್ಲಿ ಭಾರತದ ಬಡತನದ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ.

ಪ್ರಮೇಯ ಇಷ್ಟು. ಶಿರಾ ಸೀಮೆಯ ಒಂದು ಹೊಲದಲ್ಲಿ ಕಡಲೆಕಾಯಿ ಎಷ್ಟಾದೀತು ಅಂತ ಅಂದಾಜು ಮಾಡಬೇಕು. ಹತ್ತು ಕಡೆ ಚೌಕ ಹಾಕಿ, ಕಿತ್ತು, ತೂಗುತ್ತೀರಿ. ಒಬ್ಬ ಸರಾಸರಿ ತೆಗೆಯುತ್ತಾನೆ, ಇನ್ನೊಬ್ಬ ನಡುವಿನ ಅಂಕಿ ಹಿಡಿಯುತ್ತಾನೆ, ಮತ್ತೊಬ್ಬ ಏನೋ ಜಾಣ ಸೂತ್ರ ಹೂಡುತ್ತಾನೆ. ಅಂದಾಜು ಯಾವ ಕಡೆಗೂ ವಾಲದಿದ್ದರೂ ಅದರಲ್ಲಿ ಏರುಪೇರು ಇದ್ದೇ ಇರುತ್ತದೆ. ಆ ಏರುಪೇರು ಒಂದು ಮಟ್ಟಕ್ಕಿಂತ ಕೆಳಗೆ ಯಾವ ಜಾಣನಿಗೂ ಇಳಿಯದು. ಆ ಮಟ್ಟವನ್ನು ನಿರ್ಧರಿಸುವುದು ಕಿತ್ತು ತಂದ ಕಾಯಿಯೊಳಗಿನ ಮಾಹಿತಿ. ಮಾಹಿತಿ ಎರಡು ಪಟ್ಟಾದರೆ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ಸ್ವೀಡನ್ನಿನ ಹರಾಲ್ಡ್ ಕ್ರಾಮರ್ ಬೇರೆಯಾಗಿ ಇದೇ ಜಾಗಕ್ಕೆ ಬಂದದ್ದರಿಂದ ಇದು ಕ್ರಾಮರ್-ರಾವ್ ಮಿತಿ. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತು: ಒರಟಾದ ಅಂದಾಜನ್ನು ಕೈಯಲ್ಲಿರುವ ಪೂರ್ತಿ ಮಾಹಿತಿಯ ಮೇಲೆ ಸಾಣೆ ಹಿಡಿದರೆ ಅದು ಕೆಡುವುದಿಲ್ಲ, ಸುಧಾರಿಸುತ್ತದೆ. ಡೇವಿಡ್ ಬ್ಲ್ಯಾಕ್‌ವೆಲ್ ಕೂಡ ಇದನ್ನು ತೋರಿಸಿದ್ದರಿಂದ ಇಬ್ಬರ ಹೆಸರೂ ಸೇರಿಕೊಂಡಿದೆ. ಬ್ಲ್ಯಾಕ್‌ವೆಲ್ ಅಮೆರಿಕದ ಕಪ್ಪು ಗಣಿತಜ್ಞ, ಬಿಳಿಯರ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನರ ಕಾಲೇಜುಗಳಲ್ಲಿ ಪಾಠ ಮಾಡಿದವರು. ನಮ್ಮ ಹುಡುಗರಿಗೆ ಆ ಹೆಸರನ್ನೂ ಹೇಳಿ.

ಮಾಹಿತಿ ಇಲ್ಲದೆ ನಿಖರತೆ ಇಲ್ಲ ಎಂದು ಗಣಿತ ಹೇಳಿ ಎಂಬತ್ತು ವರ್ಷ ಆಯಿತು. ನಮ್ಮನ್ನಾಳಿದವರು ಮಾಡಿದ್ದೇನು? 2011ರ ಸಾಮಾಜಿಕ ಆರ್ಥಿಕ ಗಣತಿಯ ಜಾತಿ ಅಂಕಿಗಳನ್ನು ಕೇಂದ್ರ ಹೊರಗೆ ಬಿಡಲೇ ಇಲ್ಲ. ಕರ್ನಾಟಕದಲ್ಲಿ 2015ರಲ್ಲಿ ಕಾಂತರಾಜು ಆಯೋಗ ಮನೆ ಮನೆ ಸುತ್ತಿ ಮಾಡಿದ ಸಮೀಕ್ಷೆಯ ವರದಿ 2024ರ ಫೆಬ್ರವರಿವರೆಗೆ ಸರ್ಕಾರದ ಕೈಗೇ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಸಂಪುಟದ ಮುಂದೆ ಬಂತು, ಜೂನ್‌ನಲ್ಲಿ ಹಳತಾಯಿತು ಅಂತ ಬದಿಗೆ ಸರಿಯಿತು. ಹತ್ತು ವರ್ಷ ಮುಚ್ಚಿಟ್ಟು ಆಮೇಲೆ ಹಳಸಿತು ಅನ್ನುವುದು! ಅನ್ನ ಹಳಸಿದ್ದಕ್ಕೆ ಉಂಡವರನ್ನು ಬೈಯಬಹುದೇ, ಬಡಿಸದವರನ್ನು ಬಿಟ್ಟು? ಪ್ರಬಲ ಜಾತಿಗಳ ನಾಯಕರು 'ನಮ್ಮ ಮನೆಗೆ ಬಂದೇ ಇಲ್ಲ, ಲೆಕ್ಕ ತಪ್ಪು' ಅಂತ ಕೂಗಿದರು. ತಪ್ಪು ಇರಬಹುದು. ತಪ್ಪಿಲ್ಲದ ಎಣಿಕೆ ಲೋಕದಲ್ಲೇ ಇಲ್ಲ. ತಪ್ಪು ಎಷ್ಟು, ಯಾವ ಕಡೆಗೆ ವಾಲಿದೆ ಅಂತ ಅಳೆದು ಹೇಳುವುದೇ ರಾವ್ ಶಾಸ್ತ್ರ. ತಪ್ಪು ಇದೆ ಅಂತ ವರದಿಯನ್ನೇ ಹೂಳುವುದು ಯಾವ ಶಾಸ್ತ್ರ?

ತಪ್ಪು ಯಾವ ಕಡೆಗೆ ವಾಲುತ್ತದೆ ಅನ್ನುವುದನ್ನು 2025ರ ಸೆಪ್ಟೆಂಬರ್ 22ರಿಂದ ಮನೆ ಮನೆ ತಿರುಗಿದ ಮೇಷ್ಟ್ರುಗಳೇ ಹೇಳಬಲ್ಲರು. ಅರವತ್ತು ಪ್ರಶ್ನೆಯ ಆ ಸಮೀಕ್ಷೆಗೆ ಹಟ್ಟಿಯ ಬಾಗಿಲು ಎಲ್ಲ ಕಡೆ ತೆರೆದಿತ್ತು, ಬಾಗಿಲೇ ಇಲ್ಲದ ಮನೆಗಳೂ ಇದ್ದವು. ಉತ್ತರ ಕೊಡುವುದು ಕಡ್ಡಾಯವಲ್ಲ ಎಂದು ಹೈಕೋರ್ಟ್ ಹೇಳಿತು. ಇನ್ಫೋಸಿಸ್ ನಾರಾಯಣಮೂರ್ತಿ ದಂಪತಿ ನಾವು ಹಿಂದುಳಿದವರಲ್ಲ ಅಂತ ಬರೆದುಕೊಟ್ಟು ಮಾಹಿತಿ ನಿರಾಕರಿಸಿದರು. ಲೋಕದ ಮಾಹಿತಿಯನ್ನೆಲ್ಲ ಕಂಪ್ಯೂಟರಿಗೆ ತುಂಬಿ ಶ್ರೀಮಂತರಾದ ಮನೆ, ತನ್ನ ಮಾಹಿತಿ ಕೊಡುವುದಿಲ್ಲ! ಬಡವ ಮರೆತುಹೋದರೆ ಅದು ಎಣಿಕೆಯ ತಪ್ಪು. ಸಿರಿವಂತ ಬಾಗಿಲು ಹಾಕಿಕೊಂಡರೆ ಅದು ಹಕ್ಕಂತೆ. ಮೇಲಿನ ಮೆಟ್ಟಿಲು ಖಾಲಿ ಬಿಟ್ಟು ಏಣಿಯ ಉದ್ದ ಹೇಳುವುದಕ್ಕೆ ಯಾವ ರಾವ್‌ಗೂ ಆಗದು.

ಎಣಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ನೂರಕ್ಕೆ ನಾಲ್ವರೂ ಇಲ್ಲದವರ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಬಹುಪಾಲು ಇದ್ದದ್ದು ಬಯಲಾಯಿತು. 1975ರಲ್ಲಿ ವರದಿ ಕೊಟ್ಟ ಹಾವನೂರರ ಆಯೋಗ ಪ್ರತಿ ಜಾತಿಯಲ್ಲಿ ಸಾವಿರಕ್ಕೆ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾದರು ಎಂದು ಲೆಕ್ಕ ಹಾಕಿತು. ನಮ್ಮ ಫೇಲು ನಮ್ಮ ತಲೆಯ ದೋಷವಲ್ಲ, ಒಂದು ಸಮಾಜದ ಅಳತೆ ಎಂದು ಕಾಗದದ ಮೇಲೆ ಬಂದದ್ದು ಹಾಗೆ.

ಇನ್ನು ನಮ್ಮ ಹಟ್ಟಿಯೊಳಗಿನ ಲೆಕ್ಕ. ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಒಳಮೀಸಲಾತಿಗೆ ದಾರಿ ಬಿಟ್ಟಿತು. ನಾಗಮೋಹನದಾಸ್ ಆಯೋಗ 2025ರಲ್ಲಿ ಪರಿಶಿಷ್ಟ ಜಾತಿಗಳ ಮನೆ ಎಣಿಸಿ ಆಗಸ್ಟ್ 4ರಂದು ವರದಿ ಕೊಟ್ಟಿತು: ಒಟ್ಟು 1,05,09,871 ಜನ. ಮಾದಿಗ ಸಂಬಂಧಿತ ಜಾತಿಗಳು 36,69,246. ಹೊಲೆಯ ಸಂಬಂಧಿತ 30,08,633. ಲಂಬಾಣಿ, ಭೋವಿ, ಕೊರಮ, ಕೊರಚ 28,34,939. ಅಲೆಮಾರಿ ಮತ್ತು ತೀರಾ ಹಿಂದುಳಿದ ಸಣ್ಣ ಜಾತಿಗಳು 5,22,099. ಮೂಲಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದವರು 4,74,954. ಕೂಡಿ ನೋಡಿ, ಸರಿಹೋಗುತ್ತದೆ. ಈ ಕೊನೆಯ ಅಂಕಿಯನ್ನು ನಮ್ಮ ನಾಲ್ಕು ತಾಲ್ಲೂಕಿನವರು ಎರಡು ಸಲ ಓದಬೇಕು. ಎ.ಕೆ., ಎ.ಡಿ., ಎ.ಎ. ಸಂಸ್ಥಾನದ ಕಾಲದಲ್ಲಿ ಗೌರವಕ್ಕೆ ಅಂತ ಬಂದ ಹೆಸರುಗಳು. ಒಂದು ಜಿಲ್ಲೆಯಲ್ಲಿ ಎ.ಕೆ. ಅಂದರೆ ಹೊಲೆಯ, ಪಕ್ಕದ ಜಿಲ್ಲೆಯಲ್ಲಿ ಅದೇ ಎ.ಕೆ. ಅಂದರೆ ಮಾದಿಗ. ಇದು ಮಾಹಿತಿ ಅಲ್ಲ, ಮಾಹಿತಿಯ ಮೇಲೆ ಹೊದಿಸಿದ ಕಂಬಳಿ. ಬಾಡಿಗೆ ಮನೆ ಕೊಡುವುದಿಲ್ಲ ಅನ್ನುವ ಭಯಕ್ಕೆ ನಮ್ಮವರು ಆ ಕಂಬಳಿ ಹೊದ್ದುಕೊಂಡರು. ಭಯ ಸುಳ್ಳಲ್ಲ. ಆದರೆ ಕಂಬಳಿಯೊಳಗಿನ ತಲೆಗೆ ಪಾಲು ಎಲ್ಲಿ?

ಆಯೋಗ ಆ ಅಲೆಮಾರಿಗಳ ಗುಂಪಿಗೆ ಬೇರೆಯಾಗಿ ಶೇಕಡಾ 1 ಹೇಳಿತ್ತು. ಆಗಸ್ಟ್ 19ರಂದು ಸಂಪುಟ 6, 6, 5 ಎಂದು ಮೂರೇ ಪಾಲು ಮಾಡಿ ಅವರನ್ನು ಲಂಬಾಣಿ, ಭೋವಿಗಳ ಜೊತೆ ಒಂದೇ ಬುಟ್ಟಿಗೆ ಹಾಕಿತು. ಎಣಿಕೆ ಸರಿ ಇತ್ತು, ಹಂಚಿಕೆಯಲ್ಲಿ ಕೈಚಳಕ ನಡೆಯಿತು. ನಾವು ಮಾದಿಗರೂ ಹೊಲೆಯರೂ ನಮ್ಮ ನಮ್ಮ ಪಾಲು ಬಂತು ಅಂತ ಅವತ್ತು ಸುಮ್ಮನಿದ್ದರೆ, ಗೌಡರ ಬೀದಿಯನ್ನು ಬೈಯುವ ಬಾಯಿ ನಮಗೆ ಎಲ್ಲಿಂದ ಬರಬೇಕು?

ಪಾವಗಡದ ತಿರುಮಣಿ, ವಳ್ಳೂರು ಕಡೆ ಹೋಗಿ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು. ಜಮೀನು ಇದ್ದವನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಎಕರೆ ಎಣಿಸಿದ್ದಾರೆ, ಗಾಜಿನ ಹಲಗೆ ಎಣಿಸಿದ್ದಾರೆ, ಬಿಸಿಲನ್ನೂ ಎಣಿಸಿದ್ದಾರೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಜಮೀನಿಲ್ಲದ ಹಟ್ಟಿಯವರು ಕಳೆದುಕೊಂಡ ಕೂಲಿಯ ದಿನಗಳಿಗೆ ಯಾವ ಗುತ್ತಿಗೆ ಪತ್ರದಲ್ಲಿ ಕಾಲಂ ಇದೆ? ಕಾಲಂ ಇಲ್ಲದ ಕಡೆ ಮನುಷ್ಯನಿಲ್ಲ.

ರಾವ್ ನಮ್ಮ ಚಳವಳಿಯವರಲ್ಲ. ಪದ್ಮವಿಭೂಷಣ, ಅಮೆರಿಕದ ವಿಜ್ಞಾನ ಪದಕ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ, ಎಲ್ಲ ಬಂದವು, ಬರಲಿ. ನಮಗೆ ಅವರ ಫೋಟೋ ಬೇಡ, ಉಪಕರಣ ಬೇಕು. ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿ ಎಣಿಸುವುದಾಗಿ ಹೇಳಿತು. ಅದರ ಎಣಿಕೆಯ ದಿನ 2027ರ ಮಾರ್ಚ್ 1. ಈ ನಾಲ್ಕು ತಾಲ್ಲೂಕಿನಲ್ಲಿ ಮನೆ ಮನೆಗೆ ಹೋಗುವವರಲ್ಲಿ ಹೆಚ್ಚಿನವರು ಇದನ್ನು ಓದುತ್ತಿರುವ ಮೇಷ್ಟ್ರುಗಳೇ. ಹಟ್ಟಿಗೆ ಬಂದಾಗ ಹೊಸಲಾಚೆ ನಿಂತು, ಎಸ್ಸಿ ಅಂತ ನೀವೇ ತುಂಬಿಕೊಂಡು ಹೋಗಬೇಡಿ. ಒಳಗೆ ಬಂದು ಕೂತು, ನೀರು ಕುಡಿದು, ಮೂಲಜಾತಿ ಕೇಳಿ ಬರೆಯಿರಿ. ಗೌಡರ ಮನೆಯಲ್ಲೂ ಜಮೀನೆಷ್ಟು ಅಂತ ಅಷ್ಟೇ ಜೋರಾಗಿ ಕೇಳಿ. ಬಾಗಿಲು ಹಾಕಿದ ಮನೆ ಎಷ್ಟು ಅಂತ ಗುರುತು ಇಟ್ಟುಕೊಳ್ಳಿ. ಅದೂ ಅಂಕಿಯೇ. ಒಟ್ಟು ಲೆಕ್ಕ ದಿಲ್ಲಿಯಲ್ಲಿ ಮುಚ್ಚಿಟ್ಟುಕೊಳ್ಳುವುದು ಬೇಡ. ಹಳ್ಳಿ ಹಳ್ಳಿಯ ಕೋಷ್ಟಕ, ಬಿಟ್ಟುಹೋದ ಮನೆಗಳ ಸಂಖ್ಯೆ ಸಮೇತ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಬೇಕು. ಅಂಟಿಸುವವರೆಗೂ ನಾವು ಆ ಗೋಡೆಯ ಮುಂದೆ ಕೂರುತ್ತೇವೆ. ಕಡ್ಡಿ ಕೂಡಿಸಿ ಕಳೆಯಲು ಕಲಿತ ನಮ್ಮ ಮಕ್ಕಳನ್ನೂ ಕರೆದುಕೊಂಡು ಬರುತ್ತೇವೆ, ಕೂಡಿ ನೋಡೋದಕ್ಕೆ.